ಮಾವನ ಮಾತಿದ್ದ ಪೆಟ್ಟಿಗೆ

ಆ ವರ್ಷ ಮಾರ್ಚ್ ಅರ್ಧ ಕಳೆದರೂ ಹೂಮಳೆ ಬಂದಿರಲಿಲ್ಲ. ಕಾಫಿ ಗಿಡಗಳು ಮೊಗ್ಗು ಕಟ್ಟಿಕೊಂಡು ಕಾಯುತ್ತಿದ್ದವು. ಆ ಹೊತ್ತಿಗೆ ಒಂದು ಹದವಾದ ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಮೊಗ್ಗು ಕರಟುತ್ತದೆ, ಮುಂದಿನ ಬೆಳೆಯ ಆಸೆ ಅಲ್ಲಿಗೇ ಮುಗಿಯುತ್ತದೆ. ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕಿಕೊಂಡರು. ನಮ್ಮಂಥ ಸಣ್ಣವರು ಬೆಳಿಗ್ಗೆ ಎದ್ದು ಆಕಾಶ ನೋಡಿ, ಮಲಗುವ ಮುಂಚೆ ಇನ್ನೊಮ್ಮೆ ನೋಡಿದೆವು. ಆಲ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರು ಸಿಕ್ಕರೂ ಮಾತು ಮಳೆಯಿಂದ ಶುರುವಾಗಿ ಮಳೆಯಲ್ಲೇ ಮುಗಿಯುತ್ತಿತ್ತು.

ಇಂಥ ಹೊತ್ತಿನಲ್ಲಿ, ಇವತ್ತೊಂದು ದಿನ ಮಳೆ ಬೇಡ ದೇವರೇ ಎಂದು ಕೈ ಮುಗಿದವಳು ಇಡೀ ಸೀಮೆಯಲ್ಲಿ ಬಹುಶಃ ನಾನೊಬ್ಬಳೇ. ಗಂಡನಿಗೆ ಗೊತ್ತಾಗಿದ್ದರೆ ಅವತ್ತೇ ತವರಿನ ಬಸ್ಸು ಹತ್ತಿಸುತ್ತಿದ್ದ. ನನಗೆ ಮಳೆಯ ಮೇಲೆ ಸಿಟ್ಟಿರಲಿಲ್ಲ. ಮಳೆಗೆ ಮುಂಚೆ ಬರುವ ಗುಡುಗಿನ ಭಯ ಇತ್ತು.

ನಮ್ಮ ಜಗಲಿಗೆ ಹೊಂದಿಕೊಂಡ ಕೋಣೆಯಲ್ಲಿ ಒಂದು ಕಪ್ಪು ಪೆಟ್ಟಿಗೆ ಇದೆ. ಯಾರೋ ಬೇಡವೆಂದು ಬಿಟ್ಟ ಕಂಪ್ಯೂಟರನ್ನು ಬಿಚ್ಚಿ, ಉಜ್ಜಿ, ನಾನೇ ಅದನ್ನು ಮೀಡಿಯಾ ಸರ್ವರ್ ಮಾಡಿದ್ದು. ನಮ್ಮ ಕಣಿವೆಯಲ್ಲಿ ಇಂಟರ್‌ನೆಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಹಾಡು, ಸಿನಿಮಾ, ಮನೆಯ ಫೋಟೋ, ವಿಡಿಯೋ ಎಲ್ಲ ಆ ಪೆಟ್ಟಿಗೆಯೊಳಗೆ ತುಂಬಿಟ್ಟು, ಮನೆಯ ಟಿವಿಯಲ್ಲಿ ಬೇಕೆಂದಾಗ ನೋಡುವ ಏರ್ಪಾಡು. ಡಿಪ್ಲೊಮಾ ಓದಿ ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ, ನಮ್ಮ ಮನೆಗೂ ಅಕ್ಕಪಕ್ಕದವರಿಗೂ ನಾನೇ ಕಂಪ್ಯೂಟರ್ ಪಂಡಿತೆ.

ಆ ಪೆಟ್ಟಿಗೆಯ ನಿಜವಾದ ಯಜಮಾನರು ಮಾತ್ರ ನನ್ನ ಮಾವ.

ಮಾವ ಎಂಥ ಮಾತುಗಾರರಾಗಿದ್ದರು ಎಂದು ಹೇಳಿದರೆ ಈಗ ನೋಡಿದವರು ನಂಬುವುದಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಅವರಿಗೆ ಅನ್ವಯಿಸುತ್ತಿರಲಿಲ್ಲ. ಅವರಿಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು. ಮೇಸ್ತ್ರಿಯ ಜೊತೆ ಜಗಳ, ಬಸ್ ಕಂಡಕ್ಟರನ ಜೊತೆ ಜಗಳ, ನಾನು ಮಾಡಿದ ಸಾರಿನ ಉಪ್ಪಿನ ಜೊತೆ ಜಗಳ. ಮದುವೆಯಾದ ಹೊಸದರಲ್ಲಿ ಅವರ ಮಾತಿನ ಕಾಟಕ್ಕೆ ನಾನು ಹಿತ್ತಲಿಗೆ ಹೋಗಿ ಸುಮ್ಮನೆ ನಿಂತದ್ದುಂಟು. ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು, ಬಾಯಿ ಸೊಟ್ಟಗಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಬಲಗೈ ಅರ್ಧ ವಾಸಿ, ಬಲಗಾಲು ಮುಕ್ಕಾಲು ವಾಸಿ. ಮಾತು ಮಾತ್ರ ಹೋಗಿಬಿಟ್ಟಿತ್ತು. 'ಹೌದು', 'ಇಲ್ಲ', 'ಅದು'. ಇಷ್ಟೇ. ಏನು ಬೇಕಾದರೂ 'ಅದು'. ನೀರೂ ಅದು, ಚಪ್ಪಲಿಯೂ ಅದು, ಹೆಂಡತಿಯೂ ಅದು. ಬುದ್ಧಿ ಪೂರ್ತಿ ಚುರುಕಾಗಿಯೇ ಇತ್ತು. ಅದೇ ಕಷ್ಟದ ವಿಷಯ.

ಚಿಕ್ಕಮಗಳೂರಿನಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬರು ಚಿತ್ರದ ಕಾರ್ಡುಗಳನ್ನು ಕೊಟ್ಟು ದಿನಾ ಹೇಳಿಸಿ ಎಂದಿದ್ದರು. ಬೆಕ್ಕು, ಚೆಂಡು, ಕೊಡೆ. ನಾನು ಕಾರ್ಡು ಹಿಡಿದು ಎದುರು ಕೂತರೆ ಮಾವ ಮುಖ ತಿರುಗಿಸುತ್ತಿದ್ದರು. ಹತ್ತು ಆಳಿನ ಮುಂದೆ ನಿಂತು ಕೂಗುತ್ತಿದ್ದವರಿಗೆ ಸೊಸೆ ಬೆಕ್ಕಿನ ಚಿತ್ರ ತೋರಿಸಿದರೆ ಹೇಗಿರುತ್ತದೆ, ಹೇಳಿ. ಮೂರನೇ ದಿನ ಕಾರ್ಡುಗಳು ಒಲೆ ಸೇರಿದವು. ಯಾರು ಹಾಕಿದರೆಂದು ನಾವು ಕೇಳಲಿಲ್ಲ.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ನಾದಿನಿಯ ಮದುವೆಯ ವಿಡಿಯೋವನ್ನು ಯಾರೋ ನೆಂಟರು ಕೇಳಿದರೆಂದು ಟಿವಿಯಲ್ಲಿ ಹಾಕಿದ್ದೆ. ಅದರಲ್ಲಿ ಮಾವ ಊಟದ ಪಂಕ್ತಿಯ ನಡುವೆ ಓಡಾಡುತ್ತ ಎಲ್ಲರನ್ನೂ ಕೂರಿಸುತ್ತಿದ್ದರು. 'ಬನ್ನಿ, ಬನ್ನಿ, ಎಂತಕ್ಕೆ ನಿಂತಿದ್ದೀರಿ, ಕೂತ್ಕೊಳ್ಳಿ, ಇಲ್ಲಿಗೊಂದು ಎಲೆ ಹಾಕ್ರೋ.' ತಿರುಗಿ ನೋಡುತ್ತೇನೆ, ಕುರ್ಚಿಯಲ್ಲಿ ಕೂತಿದ್ದ ಮಾವನ ತುಟಿ ಅಲ್ಲಾಡುತ್ತಿದೆ. ದನಿ ಹೊರಡಲಿಲ್ಲ. ಆದರೆ ತುಟಿ ಟಿವಿಯೊಳಗಿನ ತನ್ನದೇ ತುಟಿಯ ಹಿಂದೆಯೇ ಹೋಗುತ್ತಿತ್ತು.

ಅಲ್ಲಿಂದ ಮುಂದೆ ಅದೇ ಅವರ ಶಾಲೆ. ಗಂಡ ಚಿಕ್ಕವನಿದ್ದಾಗ ಕ್ಯಾಮೆರಾ ಹುಚ್ಚಿನಲ್ಲಿ ತೆಗೆದ ಹಳೆಯ ಕ್ಯಾಸೆಟ್ಟುಗಳಿದ್ದವು. ಮಾವ ತೋಟದಲ್ಲಿ ನಿಂತು ಮರಗಸಿಯ ಬಗ್ಗೆ, ಅಂದರೆ ನೆರಳಿನ ಮರದ ಕೊಂಬೆಯನ್ನು ಎಷ್ಟು ಸವರಬೇಕು ಎಷ್ಟು ಬಿಡಬೇಕು ಎನ್ನುವುದರ ಬಗ್ಗೆ, ಅರ್ಧ ಗಂಟೆ ಭಾಷಣ ಬಿಗಿದದ್ದು ಅದರಲ್ಲಿತ್ತು. ಅವನ್ನೆಲ್ಲ ಪೆಟ್ಟಿಗೆಗೆ ಹಾಕಿಸಿದೆ. ಕ್ಯಾಸೆಟ್ಟುಗಳಿಗೆ ಆಗಲೇ ಬೂಷ್ಟು ಹಿಡಿದಿತ್ತು, ಒಮ್ಮೆ ಓಡಿ ಎರಡನೇ ಸಲಕ್ಕೆ ಸಿಕ್ಕಿಕೊಂಡವು, ಎಸೆದೆವು. ದಿನಾ ಸಂಜೆ ಮಾವ ಕೂತು ತನ್ನ ಮಾತನ್ನು ತಾನೇ ಹೇಳಿಕೊಳ್ಳುತ್ತಿದ್ದರು. ಮೊದಲು ತುಟಿ, ಆಮೇಲೆ ಗಾಳಿ, ಆಮೇಲೆ ಸ್ವಲ್ಪ ದನಿ. 'ಬನ್ನಿ' ಬಂತು. 'ಕೂತ್ಕೊಳ್ಳಿ' ಬಂತು. ಆದರೆ ವಿಡಿಯೋ ನಿಲ್ಲಿಸಿದರೆ ಮಾತೂ ನಿಲ್ಲುತ್ತಿತ್ತು. ನೆಂಟರು ಬಾಗಿಲಿಗೆ ಬಂದರೆ ಮತ್ತೆ 'ಅದು'. ಡಾಕ್ಟರಮ್ಮ, ಬಿಡಬೇಡಿ, ಮುಂದುವರಿಸಿ ಎಂದರು. ಪೆಟ್ಟಿಗೆ ಹೋದರೆ ಶಾಲೆ ಹೋಯಿತು, ಮಾವ ಮತ್ತೆ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂರುತ್ತಾರೆ. ನನ್ನ ಎದೆಯಲ್ಲಿ ಇದ್ದ ಹೆದರಿಕೆ ಇದೊಂದೇ.

ಇನ್ನು ಗುಡುಗಿನ ವಿಷಯ. ನಮ್ಮ ಕಡೆ ದೂರದಲ್ಲಿ ಗುಡುಗು ಕೇಳಿಸಿದ ಕೂಡಲೇ ಮನೆಯಲ್ಲಿರುವವರು ಎದ್ದು ಪ್ಲಗ್ಗುಗಳನ್ನೆಲ್ಲ ಕೀಳುತ್ತಾರೆ. ಟಿವಿ, ಫ್ರಿಜ್ಜು, ಮೋಡೆಮ್, ಮಿಕ್ಸಿ. ಡಿಶ್ಶಿನ ಕೇಬಲ್ ಬಿಚ್ಚಿ ಕಿಟಕಿಯಿಂದಾಚೆ ಬಿಸಾಡುತ್ತಾರೆ. ಸ್ವಿಚ್ ಆರಿಸಿದರೆ ಸಾಲದು, ಕಿತ್ತೇ ಹಾಕಬೇಕು. ಗುಡ್ಡದ ಮೇಲೆ ಎಳೆದ ತಂತಿಯಲ್ಲಿ ಸಿಡಿಲು ಮನೆಯೊಳಗೆ ಬರುವುದನ್ನು ಕಂಡವರು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಮನೆಯಲ್ಲಿ ಈ ಕೆಲಸ ಮೊದಲಿನಿಂದಲೂ ಮಾವನದು. ಕೈಕಾಲು ಬಿದ್ದ ಮೇಲೂ ಅವರು ಬಿಡಲಿಲ್ಲ. ಕೋಲು ಊರಿಕೊಂಡು, ಎಡಗೈಯಲ್ಲಿ ಒಂದೊಂದೇ ಪ್ಲಗ್ಗು ಕೀಳುತ್ತ, ಜಗಲಿಯಿಂದ ಅಡುಗೆಮನೆಯವರೆಗೆ ಹೋಗುತ್ತಿದ್ದರು.

ಸರ್ವರ್ ಪೆಟ್ಟಿಗೆಯನ್ನು ಹಾಗೆ ಧಡಕ್ಕನೆ ಕೀಳಬಾರದು, ಮೊದಲು ಶಟ್‌ಡೌನ್ ಹೇಳಿ ಮಲಗಿಸಬೇಕು. ಒಳಗಿನ ಹಾರ್ಡ್ ಡಿಸ್ಕ್ ತಿರುಗುತ್ತಿರುವಾಗ ಕರೆಂಟು ಹೋದರೆ ಇವತ್ತಲ್ಲ ನಾಳೆ ಅದಕ್ಕೆ ಪೆಟ್ಟು. ಜೊತೆಗಿದ್ದ ಸಣ್ಣ ಯುಪಿಎಸ್ಸಿನ ಬ್ಯಾಟರಿ ಹಿಂದಿನ ಮಳೆಗಾಲದಲ್ಲೇ ಸತ್ತಿತ್ತು. ನಾನು ಗಂಡನ ಹತ್ತಿರ ದೂರು ಹೇಳಿದರೆ ಅವನು, "ಅಪ್ಪಂಗೆ ಮನೇಲಿ ಇರೋ ಕೆಲ್ಸ ಅದೊಂದೇ. ಅದನ್ನೂ ಕಿತ್ಕೊಳ್ಳೋದಾ?" ಎಂದ. ಮಾವ ಕೀಳುತ್ತ ಹೋದರು, ನಾನು ಹಲ್ಲು ಕಚ್ಚಿಕೊಂಡು ಮತ್ತೆ ಹಾಕುತ್ತ ಹೋದೆ.

ಫೆಬ್ರವರಿಯ ಕೊನೆಯಲ್ಲಿ ಪೆಟ್ಟಿಗೆಯಿಂದ ಟಿಕ್, ಟಿಕ್ ಎಂದು ಸದ್ದು ಶುರುವಾಯಿತು. ಹಲ್ಲಿ ಎಂದು ಅತ್ತೆ ನೆಲ ಮುಟ್ಟಿ 'ಕೃಷ್ಣ ಕೃಷ್ಣ' ಎಂದರು. ನಾನು ಪೆಟ್ಟಿಗೆಗೆ ಕಿವಿಯಿಟ್ಟೆ, ಸದ್ದು ಒಳಗೆ ಸಾಯುತ್ತಿದ್ದ ಡಿಸ್ಕಿನದು. ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದ್ದವು, ಒಂದರಲ್ಲಿ ಇರುವುದೇ ಇನ್ನೊಂದರಲ್ಲೂ ಇರುವ ಹಾಗೆ. ಒಂದು ಸತ್ತರೆ ಹೊಸದನ್ನು ಹಾಕಬಹುದು, ಉಳಿದದ್ದು ತನ್ನಲ್ಲಿರುವುದನ್ನೆಲ್ಲ ಅದಕ್ಕೆ ಬರೆದುಕೊಡುತ್ತದೆ. ಸತ್ತದ್ದು ಒಂದು, ಸರಿ. ಆದರೆ ಉಳಿದದ್ದೂ ಅದರ ಜೊತೆ ಒಂದೇ ದಿನ ತಂದದ್ದು, ಅಷ್ಟೇ ಸಲ ಧಡಕ್ಕನೆ ನಿಂತದ್ದು.

ಚಿಕ್ಕಮಗಳೂರಿನ ಅಂಗಡಿಯವನಿಗೆ ಹೇಳಿ ಡಿಸ್ಕ್ ತರಿಸುವ ಹೊತ್ತಿಗೆ ಮಾರ್ಚ್ ಅರ್ಧ ಆಗಿತ್ತು. ಉಳಿದ ಡಿಸ್ಕ್ ತಡೆಯುತ್ತದಾ ಎಂದು ಕೇಳಿದರೆ ಅವನು, ತಡೆದರೂ ತಡೀಬಹುದು ಮೇಡಂ, ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟ. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ವಸ್ತಾರೆ ದಾಟುವವರೆಗೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಪಕ್ಕದ ಹೆಂಗಸು, ಮೊಟ್ಟೆಯಾ ಎಂದು ಕೇಳಿದರು. ಹೌದು ಎಂದೆ.

ಮುಖ್ಯವಾದ ವಿಡಿಯೋಗಳನ್ನು ಮೊದಲು ಪೆನ್‌ಡ್ರೈವಿಗೆ ತೆಗೆದುಕೋ ಎಂದು ಯಾರಾದರೂ ಬುದ್ಧಿವಂತರು ಹೇಳಿಯಾರು. ಅದನ್ನು ಮಾಡದೆ ಇರುತ್ತೇನೆಯೇ? ಮದುವೆಯ ವಿಡಿಯೋ ಅರ್ಧಕ್ಕೆ ಹೋಗಿ ನಿಂತಿತು, ಡಿಸ್ಕ್ ಕೆಮ್ಮಲು ಶುರು ಮಾಡಿತು. ಅದನ್ನು ಅಲ್ಲಿ ಇಲ್ಲಿ ಕೆದಕಿ ಸುಸ್ತು ಮಾಡುವುದಕ್ಕಿಂತ, ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ನಿಧಾನಕ್ಕೆ ಓದಿಸಿ ಹೊಸದಕ್ಕೆ ದಾಟಿಸುವುದೇ ಸರಿ ಎನಿಸಿತು. ಹಾಗೆ ಮಾಡಲು ಹತ್ತಿರ ಹತ್ತಿರ ಒಂದು ಹಗಲು ಒಂದು ರಾತ್ರಿ ಬೇಕು. ನಡುವೆ ನಿಂತರೆ, ಹಳೆಯ ಡಿಸ್ಕ್ ಮತ್ತೆ ಎದ್ದು ತಿರುಗುತ್ತದೆ ಎಂಬ ಭರವಸೆ ನನಗಿರಲಿಲ್ಲ.

ಬೆಳಿಗ್ಗೆ ತಿಂಡಿಯಾದ ಮೇಲೆ ಪೆಟ್ಟಿಗೆ ಬಿಚ್ಚಿದೆ. ಮಾವ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಸತ್ತ ಡಿಸ್ಕನ್ನು ತೆಗೆದು ಅವರ ಕೈಗೆ ಕೊಟ್ಟೆ. ತೂಕ ನೋಡಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು, ಒಳ್ಳೆಯ ಕಾಯಿಯೋ ಕೊಳೆತದ್ದೋ ಎಂದು ತೆಂಗಿನಕಾಯಿ ನೋಡುವ ಹಾಗೆ. ನಾನು ಹೊಸದನ್ನು ಕೂರಿಸಿ ನಾಲ್ಕು ಸ್ಕ್ರೂ ಬಿಗಿದು ಶುರು ಮಾಡಿದೆ. ಪರದೆಯ ಮೇಲೆ ಸೊನ್ನೆ ಬಂತು, ಸ್ವಲ್ಪ ಹೊತ್ತಿಗೆ ಒಂದು ಪರ್ಸೆಂಟ್. ಮಾವನಿಗೆ ಎಲ್ಲ ಬಿಡಿಸಿ ಹೇಳಿದೆ: ಇದರಲ್ಲಿ ನಿಮ್ಮ ವಿಡಿಯೋ ಇದೆ, ಇದು ಅದಕ್ಕೆ ಬರೆದುಕೊಡುತ್ತಿದೆ, ನಾಳೆಯವರೆಗೆ ಪ್ಲಗ್ ಮುಟ್ಟಬಾರದು. ಹೌದು ಎಂದರು. ಆದರೂ ನನ್ನ ಬುದ್ಧಿ ಕೇಳಬೇಕಲ್ಲ, ಪ್ಲಗ್ಗಿನ ಸುತ್ತ ಟೇಪ್ ಸುತ್ತಿದೆ.

ಮಧ್ಯಾಹ್ನದ ಊಟವಾಗಿ ಸ್ವಲ್ಪ ಹೊತ್ತಿಗೆ ಗಾಳಿ ನಿಂತುಹೋಯಿತು. ಮಡಿಕೆಯೊಳಗೆ ಕೂತ ಹಾಗೆ ಸೆಖೆ. ನಾನು ನೋಡದೆ ಇರಲು ಎಷ್ಟು ಪ್ರಯತ್ನಿಸಿದರೂ ಪಶ್ಚಿಮದ ಗುಡ್ಡದ ಮೇಲೆ ಮೋಡ ಕಪ್ಪಾಗುವುದು ಕಾಣಿಸುತ್ತಲೇ ಇತ್ತು. ಗಂಡ ತೋಟದ ತುದಿಯಲ್ಲಿದ್ದ. ಮೊದಲ ಗುಡುಗು ಕೇಳಿದ್ದೇ ಅತ್ತೆ ಕಣದಲ್ಲಿ ಒಣಹಾಕಿದ್ದ ಮೆಣಸು ಒಟ್ಟಲು ಓಡಿದರು. ಓಡುವಾಗ ಅವರ ಮುಖದಲ್ಲಿ ಇದ್ದ ಸಂತೋಷ ನೋಡಿ ನನಗೆ ನನ್ನ ಮೇಲೇ ನಾಚಿಕೆಯಾಯಿತು. ಆದರೂ ಹೋಗಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತೆ. ನಲವತ್ತೊಂದು ಪರ್ಸೆಂಟ್.

ಕೋಲಿನ ಸದ್ದು ಜಗಲಿಯಿಂದ ಶುರುವಾಯಿತು. ಟಿವಿ. ಮೋಡೆಮ್. ಅಡುಗೆಮನೆಯಲ್ಲಿ ಫ್ರಿಜ್ಜು. ವಾಪಸ್ ಬರುವಾಗ ಮಾವ ಕೋಣೆಯ ಬಾಗಿಲಲ್ಲಿ ನಿಂತರು. ಹೊರಗೆ ಮಿಂಚು ಹೊಳೆಯಿತು. ಅವರು ಪ್ಲಗ್ಗಿನ ಕಡೆ ಕೋಲು ತೋರಿಸಿದರು. ನಾನು ಬೇಡ ಎಂದು ತಲೆಯಲ್ಲಾಡಿಸಿ, ಪ್ಲಗ್ಗಿನ ಮೇಲೆ ಅಂಗೈ ಇಟ್ಟುಕೊಂಡೆ. ಅವರು ಒಂದು ಹೆಜ್ಜೆ ಒಳಗೆ ಬಂದರು. ಗುಡುಗು ಈಗ ಮನೆಯ ಹೆಂಚಿನ ಮೇಲೇ ಉರುಳಿದ ಹಾಗಿತ್ತು.

ಸಿಟ್ಟು, ಹೆದರಿಕೆ, ಎರಡು ವರ್ಷದ ಸುಸ್ತು ಎಲ್ಲ ಒಟ್ಟಿಗೇ ಬಂತು ನನಗೆ. ಮಾವನ ಎದುರು ಯಾವತ್ತೂ ಎತ್ತದ ದನಿ ಎತ್ತಿದೆ.

"ನಿಮ್ಮ ಮಾತು ಇರೋದು ಇದರೊಳಗೇ ಅಲ್ವಾ ಮಾವ? ಇದು ಹೋದ್ರೆ ಎಂತ ಮಾಡ್ತೀರಿ ನೀವು?"

ಮಾವ ನಿಂತರು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಎಂದಿನ 'ಅದು' ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಕತ್ತಿನ ನರ ಉಬ್ಬಿ, ಹಣೆಯಲ್ಲಿ ಬೆವರು ಕಾಣಿಸಿತು.

"ಪೆಟ್ಟಿಗೆ... ಹೋಗ್ಲಿ," ಎಂದರು ಮಾವ.

ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಎಡಗೈಯನ್ನು ನನ್ನ ಕಡೆ ಚಾಚಿದರು.

"ನೀನು... ಬಾ."

ಮದುವೆಯ ವಿಡಿಯೋವನ್ನೂ ಮರಗಸಿಯ ಭಾಷಣವನ್ನೂ ನಾನು ಎಷ್ಟು ಸಲ ಕೇಳಿದ್ದೇನೆ ಎಂದರೆ ಎಲ್ಲಿ ಕೆಮ್ಮುತ್ತಾರೆ ಎಂಬುದೂ ನನಗೆ ಗೊತ್ತು. ಈ ಮಾತು ಅವುಗಳಲ್ಲಿ ಎಲ್ಲೂ ಇಲ್ಲ. ಯಾರಿಗೂ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಕೈ ತೆಗೆದೆ. ಎದ್ದು ಅವರ ಕೈ ಹಿಡಿದುಕೊಂಡೆ, ಎದ್ದದ್ದು ನಾನೋ ಎಬ್ಬಿಸಿದ್ದು ಅವರೋ ಗೊತ್ತಿಲ್ಲ. ಮಾವ ಬಗ್ಗಿ, ಟೇಪಿನ ಸಮೇತ ಪ್ಲಗ್ಗನ್ನು ಕಿತ್ತರು. ಪೆಟ್ಟಿಗೆಯ ಫ್ಯಾನು ಒಂದು ಉಸಿರು ಬಿಟ್ಟು ನಿಂತಿತು.

ಸಿಡಿಲು ಎಲ್ಲೋ ಗುಡ್ಡದಾಚೆ ಹೊಡೆಯಿತು. ಪ್ಲಗ್ ಹಾಗೇ ಇದ್ದಿದ್ದರೂ ನಮ್ಮ ಮನೆಗೆ ಏನೂ ಆಗುತ್ತಿರಲಿಲ್ಲವೇನೋ. ನಾನು ಅದನ್ನು ಯೋಚಿಸುತ್ತಿರಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಮಾವ ಕಂಬ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಮಳೆ ಶುರುವಾಯಿತು, ಮೊದಲು ದಪ್ಪ ದಪ್ಪ ಹನಿ, ಆಮೇಲೆ ಒಂದೇ ಸಮನೆ. ಮಣ್ಣಿನ ವಾಸನೆ ಮೇಲೆದ್ದಿತು. ಗಂಡ ತೋಟದಿಂದ ಪೂರ್ತಿ ನೆನೆದು ಬಂದ. ನಗುತ್ತಿದ್ದವನು ನನ್ನ ಮುಖ ನೋಡಿ, ಮಳೆ ಬಂದದ್ದಕ್ಕೆ ಇಷ್ಟು ಅಳುವವಳನ್ನು ನಾನು ನೋಡೇ ಇಲ್ಲ ಎಂದ. ಮಾವ ಮಾತಾಡಿದರು ಎಂದೆ. ಅವನು ನಂಬಲಿಲ್ಲ. ಮೆಣಸಿನ ಮೂಟೆಗಳನ್ನು ಒಳಗೆ ಎಳೆಯುತ್ತಿದ್ದ ಅತ್ತೆಗೆ ಹೇಳಿದರೆ, ಸಿಟ್ಟಿಗೆ ಒಂದೆರಡು ಮಾತು ಬರುತ್ತೆ ಕಣೆ, ಡಾಕ್ಟರಮ್ಮನೂ ಹೇಳಿದ್ದರಲ್ಲ ಎಂದರು. ಅವರಿಗೆ ಆಸೆ ಇಟ್ಟುಕೊಂಡು ಸೋಲುವುದು ಸಾಕಾಗಿತ್ತು.

ಗುಡುಗು ಪೂರ್ತಿ ದೂರವಾದ ಮೇಲೆ ಪ್ಲಗ್ ಹಾಕಿದೆ. ಹಳೆಯ ಡಿಸ್ಕ್ ಒಮ್ಮೆ ಮುಲುಕಿತು. ಆಮೇಲೆ ತಿರುಗತೊಡಗಿತು. ಬರೆಯುವುದನ್ನು ಮಾತ್ರ ಮೊದಲಿನಿಂದ, ಸೊನ್ನೆಯಿಂದ ಶುರು ಮಾಡಿತು. ಮಾಡಲಿ ಎಂದು ಬಾಗಿಲು ಎಳೆದುಕೊಂಡು ಬಂದೆ. ಈಗಲೇ ಹೇಳಿಬಿಡುತ್ತೇನೆ: ಮರುದಿನ ಊಟದ ಹೊತ್ತಿಗೆ ಎಲ್ಲ ಮುಗಿಯಿತು. ಎರಡು ಸಿನಿಮಾ ಹಾಳಾದವು, ಎರಡೂ ಯಾರಿಗೂ ಬೇಡದವು. ಮದುವೆಯ ಪಂಕ್ತಿ, ಮರಗಸಿ, ಕೆಮ್ಮು, ಎಲ್ಲ ಹೊಸ ಡಿಸ್ಕಿಗೆ ಬಂದು ಕೂತವು. ಆ ವಾರವೇ ಇನ್ನೆರಡು ಕಡೆ ಪ್ರತಿ ಮಾಡಿಟ್ಟೆ, ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿಸಿದೆ.

ಆದರೆ ನನಗೆ ಹೇಳಬೇಕಾದ್ದು ಅದಕ್ಕೂ ಮೊದಲಿನ ಸಂಗತಿ, ಅದೇ ಮರುದಿನದ ಬೆಳಿಗ್ಗೆಯದು. ನಮ್ಮ ಸೀಮೆಯಲ್ಲಿ ಮಳೆ ಬಂದ ಮಾರನೇ ಬೆಳಿಗ್ಗೆ ಎಲ್ಲರಿಗೂ ಒಂದು ಕೆಲಸ. ಅಂಗಳದ ಮಳೆಮಾಪಕ ನೋಡಿ, ಎಷ್ಟು ಸೆಂಟು ಬಿತ್ತು ಎಂದು ಪರಸ್ಪರ ಫೋನು ಮಾಡಿ ಕೇಳುವುದು. ಇಂಚಿನ ನೂರರಲ್ಲಿ ಒಂದು ಭಾಗ ಸೆಂಟು. ತನ್ನ ತೋಟಕ್ಕೆ ಪಕ್ಕದವನಿಗಿಂತ ಒಂದಿಷ್ಟು ಜಾಸ್ತಿ ಬಿದ್ದಿದೆ ಎಂದು ಹೇಳಿಕೊಳ್ಳುವುದರಲ್ಲಿ ಎಂಥ ಸಂತೋಷ ಇದೆಯೋ, ಮಾವ ಅದರಲ್ಲಿ ಎತ್ತಿದ ಕೈ ಆಗಿದ್ದರಂತೆ, ಬಿದ್ದದ್ದಕ್ಕೆ ಹತ್ತು ಸೆಂಟು ಸೇರಿಸಿಯೇ ಹೇಳುತ್ತಿದ್ದರಂತೆ. ವಸ್ತಾರೆ ಕಡೆಯ ಅವರ ಹಳೆಯ ಗೆಳೆಯರೊಬ್ಬರು ಈಗಲೂ ತಪ್ಪದೆ ಫೋನು ಮಾಡುತ್ತಾರೆ. ಎರಡು ವರ್ಷದಿಂದ ಅವರಿಗೆ ಲೆಕ್ಕ ಒಪ್ಪಿಸುವವರು ಅತ್ತೆ.

ಗಂಡ ಮಾಪಕ ನೋಡಿ ಬಂದು ಎಂಬತ್ತು ಸೆಂಟು ಎಂದ. ಹೂವಿಗೆ ಧಾರಾಳ ಸಾಕು. ಅತ್ತೆ ಮೆಣಸನ್ನು ಮತ್ತೆ ಹರಡಲು ಕಣಕ್ಕೆ ಹೋಗಿದ್ದರು. ಜಗಲಿಯ ಕಿಟಕಿಯಲ್ಲಿಟ್ಟ ಫೋನು ಹೊಡೆದುಕೊಂಡಿತು, ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ನಾನು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ, ಪಕ್ಕದ ಕುರ್ಚಿಯಲ್ಲಿದ್ದ ಮಾವ ಎಡಗೈ ಹೆಬ್ಬೆರಳಿನಲ್ಲಿ ಅದನ್ನು ಒತ್ತಿದ್ದರು. ಅತ್ತೆ ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದರಿಂದ ಅದು ಸ್ಪೀಕರಿನಲ್ಲೇ ಇತ್ತು.

"ಅತ್ತಿಗೆ, ನಿಮ್ಮಲ್ಲಿ ಎಷ್ಟು ಬಿತ್ತು?" ಎಂದರು ಗೆಳೆಯರು.

ನಾನು ಬಾಗಿಲಲ್ಲೇ ನಿಂತೆ. ಟಿವಿ ಆರಿತ್ತು. ಅನುಕರಿಸಲು ಯಾರ ತುಟಿಯೂ ಎದುರಿಗಿರಲಿಲ್ಲ.

"ತೊಂ... ತೊಂಬತ್ತು," ಎಂದರು ಮಾವ.

"ಯಾರು ಮಾತಾಡೋದು?"

ಮಾವ ಒಮ್ಮೆ ಉಸಿರು ಎಳೆದುಕೊಂಡರು.

"ನಾನೇ."

ಫೋನು ಕಟ್ಟಾಯಿತೇನೋ ಎಂದುಕೊಂಡು ನಾನು ಮುಂದೆ ಹೋದೆ. ಅಷ್ಟರಲ್ಲಿ ಗೆಳೆಯರ ದನಿ ಬಂತು.

"ಹತ್ತು ಸೆಂಟು ಜಾಸ್ತಿ ಹೇಳ್ತಿದ್ದೀಯ ಮಾರಾಯ," ಎಂದರು. ಅವರು ಅಳುತ್ತಿದ್ದರು.